ಕೊರಳ ರಕ್ತನಾಳದ ಗೋಡೆ ಎಂಆರ್‌ಐಯಲ್ಲಿ: ಪರೀಕ್ಷೆಗೆ ಮುಖ್ಯಾಂಶಗಳು

ತೋಡಾರು, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ಮಂಗಳೂರಿಗೋ ದೇರಳಕಟ್ಟೆಗೋ ಹೋಗಿ ಎಂಬಿಬಿಎಸ್, ಮೆಡಿಕಲ್ ಇಮೇಜಿಂಗ್, ಫಿಸಿಯೋಥೆರಪಿ ಓದುವ ಮಕ್ಕಳು ಈಗ ಊರೂರಲ್ಲಿ ಸಿಗುತ್ತಾರೆ. ಪಾರ್ಶ್ವವಾಯುವಿನ ಪಾಠದಲ್ಲಿ ಕ್ಯಾರೋಟಿಡ್ ಅಪಧಮನಿ ಬಂದಾಗ ಹೆಚ್ಚಿನವರು ಒಂದೇ ಸಂಖ್ಯೆ ಬಾಯಿಪಾಠ ಮಾಡುತ್ತಾರೆ: ನಾಳ ಶೇ 70 ಕಿರಿದಾದರೆ ಶಸ್ತ್ರಚಿಕಿತ್ಸೆ. ಸಂಖ್ಯೆ ಸರಿಯೇ. ಆದರೆ ಅದು ರಕ್ತ ಹರಿಯುವ ದಾರಿಯ ಲೆಕ್ಕ. ಕಾಯಿಲೆ ಕೂತಿರುವುದು ಗೋಡೆಯಲ್ಲಿ. ಗೋಡೆಯೊಳಗೆ ಕೊಬ್ಬಿದೆಯೋ, ರಕ್ತ ಒಸರಿದೆಯೋ, ಸುಣ್ಣ ಕಟ್ಟಿದೆಯೋ ಎಂದು ಬಿಡಿಸಿ ಹೇಳುವುದರಲ್ಲಿ ಎಂಆರ್‌ಐಗೆ ಸರಿಸಾಟಿಯಾದ ಪರೀಕ್ಷೆ ಸದ್ಯಕ್ಕಿಲ್ಲ. ಅದಕ್ಕೇ ಈ ಟಿಪ್ಪಣಿಯಲ್ಲಿ ಗೋಡೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ನಾಳದ ಗುರುತು

ಬಲಗಡೆಯ ಕಾಮನ್ ಕ್ಯಾರೋಟಿಡ್ ಹುಟ್ಟುವುದು ಬ್ರೇಕಿಯೋಸೆಫಾಲಿಕ್ ನಾಳದಿಂದ, ಎಡಗಡೆಯದು ನೇರವಾಗಿ ಮಹಾಪಧಮನಿಯ ಕಮಾನಿನಿಂದ. ಥೈರಾಯ್ಡ್ ಮೃದ್ವಸ್ಥಿಯ ಮೇಲಂಚಿನ ಮಟ್ಟದಲ್ಲಿ, ಅಂದರೆ ಮೂರನೇ ಮತ್ತು ನಾಲ್ಕನೇ ಕೊರಳ ಕಶೇರುಗಳ ಎತ್ತರದಲ್ಲಿ, ಒಳಕ್ಯಾರೋಟಿಡ್, ಹೊರಕ್ಯಾರೋಟಿಡ್ ಎಂದು ಎರಡಾಗಿ ಕವಲೊಡೆಯುತ್ತದೆ. ಒಳಕ್ಯಾರೋಟಿಡ್‌ಗೆ ಕೊರಳಲ್ಲಿ ಕವಲೇ ಇಲ್ಲ. ಚಿತ್ರದಲ್ಲಿ ಎರಡನ್ನೂ ಗುರುತಿಸಲು ಇದೇ ಸುಲಭದ ದಾರಿ. ಕವಲಿನ ಬುಡದಲ್ಲಿ ಉಬ್ಬಿದ ಭಾಗ ಕ್ಯಾರೋಟಿಡ್ ಬಲ್ಬ್.

ಗೋಡೆಗೆ ಮೂರು ಪದರ: ಒಳಗೆ ಇಂಟಿಮಾ, ನಡುವೆ ಮೀಡಿಯಾ, ಹೊರಗೆ ಅಡ್ವೆಂಟಿಶಿಯಾ. ಅಡ್ವೆಂಟಿಶಿಯಾದಲ್ಲಿ ಗೋಡೆಗೇ ರಕ್ತ ಉಣಿಸುವ ಸಣ್ಣ ನಾಳಗಳಿವೆ, ಹೆಸರು ವಾಸಾ ವಾಸೋರಮ್. ಮುಂದೆ ಇವು ಮತ್ತೆ ಬರುತ್ತವೆ, ಈಗಲೇ ನೆನಪಿಡಿ.

ಪರೀಕ್ಷಕರಿಗೆ ಇಷ್ಟದ ಒಂದು ಪ್ರಶ್ನೆ: ಎಡ ಕ್ಯಾರೋಟಿಡ್‌ನಿಂದ ಚೂರು ಹಾರಿದರೆ ಎಲ್ಲೆಲ್ಲಿ ತೊಂದರೆ? ಉತ್ತರ: ಬಲಗೈ, ಬಲಗಾಲು ಸೋಲುತ್ತವೆ, ಮಾತು ತಪ್ಪಬಹುದು, ಆದರೆ ಕಣ್ಣು ಮಂಜಾಗುವುದು ಎಡಗಡೆಯದೇ. ಕಣ್ಣಿನ ಅಪಧಮನಿ ಅದೇ ಬದಿಯ ಒಳಕ್ಯಾರೋಟಿಡ್‌ನ ಕವಲು. ಕೈಕಾಲುಗಳ ನರಮಾರ್ಗವಾದರೋ ಮೆದುಳಿನಿಂದ ಇಳಿಯುವಾಗ ಬದಿ ದಾಟುತ್ತದೆ.

ಪ್ಲಾಕ್ ಬಲ್ಬ್‌ನಲ್ಲೇ ಏಕೆ

ಕವಲಿನಲ್ಲಿ ರಕ್ತದ ಮುಖ್ಯ ಹರಿವು ನಡುವಿನ ಗೋಡೆಯನ್ನು ಉಜ್ಜಿಕೊಂಡು ಹೋಗುತ್ತದೆ. ಬಲ್ಬ್‌ನ ಹೊರಗೋಡೆಯ ಬಳಿ ಹರಿವು ನಿಧಾನವಾಗಿ, ಹಿಂದಕ್ಕೆ ಸುಳಿದು ಸುತ್ತುತ್ತದೆ. ಉಜ್ಜುವ ಬಲ ಕಡಿಮೆಯಾದ ಜಾಗದಲ್ಲಿ ಒಳಪದರದ ಜೀವಕೋಶಗಳು ಕೆಡುತ್ತವೆ, ಎಲ್‌ಡಿಎಲ್ ಕೊಬ್ಬು ಒಳನುಗ್ಗಿ ಪ್ಲಾಕ್ ಕಟ್ಟುತ್ತದೆ. ಪ್ಲಾಕ್ ಹೊರಗೋಡೆಯಲ್ಲಿ, ಒಂದು ಬದಿಗೆ ದಪ್ಪವಾಗಿ ಬೆಳೆಯುವುದು ಇದರಿಂದ.

1987ರಲ್ಲಿ ಗ್ಲಾಗೋವ್ ಮತ್ತು ಸಂಗಡಿಗರು ಹೃದಯದ ಎಡ ಮುಖ್ಯ ಅಪಧಮನಿಯನ್ನು ಅಧ್ಯಯನ ಮಾಡಿ ತೋರಿಸಿದ್ದು ಇಲ್ಲಿ ಬಹಳ ಮುಖ್ಯ. ಪ್ಲಾಕ್ ಬೆಳೆಯುತ್ತಿದ್ದಂತೆ ನಾಳ ಹೊರಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತದೆ. ನಾಳದೊಳಗಿನ ಜಾಗದ ಸುಮಾರು ಶೇ 40ರಷ್ಟನ್ನು ಪ್ಲಾಕ್ ತಿಂದ ಮೇಲಷ್ಟೇ ರಕ್ತದ ದಾರಿ ಕಿರಿದಾಗತೊಡಗುತ್ತದೆ. ಕಸ ಕಟ್ಟಿದ ಪೈಪಿನ ಹೋಲಿಕೆಯನ್ನು ಶಾಲೆಯಲ್ಲಿ ಕಲಿತಿರುತ್ತೇವೆ. ಅದನ್ನು ಇಲ್ಲಿ ಬಿಟ್ಟುಬಿಡುವುದೇ ವಾಸಿ, ಏಕೆಂದರೆ ಪೈಪು ಹಿಗ್ಗುವುದಿಲ್ಲ. ಆಂಜಿಯೋಗ್ರಾಮ್ ‘ನಾರ್ಮಲ್’ ಎಂದು ಬಂದವರ ಗೋಡೆಯಲ್ಲೂ ದೊಡ್ಡ ಪ್ಲಾಕ್ ಇರಬಹುದು.

ಶೇಕಡಾವಾರು ಲೆಕ್ಕ, ಒಮ್ಮೆ ಕೈಯಾರೆ ಮಾಡಿ

ಉತ್ತರ ಅಮೆರಿಕದ ನಾಸೆಟ್ ಅಧ್ಯಯನದ ವಿಧಾನದಲ್ಲಿ ಅತಿ ಕಿರಿದಾದ ಜಾಗದ ಅಗಲವನ್ನು, ಅದರಾಚೆ ಮೇಲಕ್ಕೆ ಸಹಜವಾಗಿರುವ ಒಳಕ್ಯಾರೋಟಿಡ್‌ನ ಅಗಲದೊಂದಿಗೆ ಹೋಲಿಸುತ್ತಾರೆ. ಮೇಲೆ 5 ಮಿ.ಮೀ., ಕಿರಿದಾದಲ್ಲಿ 1.5 ಮಿ.ಮೀ. ಇದ್ದರೆ, ಕಳೆದುಹೋದದ್ದು 3.5 ಮಿ.ಮೀ. ಅದನ್ನು 5ರಿಂದ ಭಾಗಿಸಿದರೆ ಶೇ 70. ಯುರೋಪಿನ ಇಸಿಎಸ್‌ಟಿ ವಿಧಾನ ಬೇರೆ: ಅದು ಕಿರಿದಾದ ಜಾಗದಲ್ಲೇ ಮೂಲ ನಾಳ ಎಷ್ಟು ಅಗಲವಿದ್ದಿರಬಹುದು ಎಂದು ಊಹಿಸಿ ಲೆಕ್ಕ ಹಾಕುತ್ತದೆ. ನಾಸೆಟ್‌ನ ಶೇ 70 ಅಲ್ಲಿ ಸುಮಾರು ಶೇ 85 ಆಗುತ್ತದೆ. ಯಾವ ವಿಧಾನವೆಂದು ಹೇಳದ ವರದಿ ಅರ್ಧ ವರದಿ.

1991ರ ನಾಸೆಟ್ ಫಲಿತಾಂಶ: ಲಕ್ಷಣ ಕಂಡ, ಶೇ 70ರಿಂದ 99 ಕಿರಿದಾದ ರೋಗಿಗಳಲ್ಲಿ ಎರಡು ವರ್ಷದಲ್ಲಿ ಅದೇ ಬದಿಯ ಪಾರ್ಶ್ವವಾಯು, ಔಷಧಿ ಮಾತ್ರ ಪಡೆದವರಲ್ಲಿ ಶೇ 26, ಎಂಡಾರ್ಟರೆಕ್ಟಮಿ (ಪ್ಲಾಕ್ ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಶೇ 9. ಶೇ 50ರಿಂದ 69 ಇದ್ದವರಿಗೆ ಲಾಭ ಕಡಿಮೆ: ಐದು ವರ್ಷಕ್ಕೆ ಶೇ 22.2 ಮತ್ತು ಶೇ 15.7 (1998). ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಿ. ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದು ಔಷಧಿಯಲ್ಲೇ ಇದ್ದವರ ಪೈಕಿ ನಾಲ್ವರಲ್ಲಿ ಸುಮಾರು ಮೂವರಿಗೆ ಎರಡು ವರ್ಷದಲ್ಲಿ ಆ ಬದಿಯ ಪಾರ್ಶ್ವವಾಯು ಬರಲಿಲ್ಲ. ಬರುವವರು ಯಾರು, ಬಾರದವರು ಯಾರು ಎಂಬುದಕ್ಕೆ ಅಗಲದ ಅಳತೆ ಉತ್ತರ ಕೊಡುವುದಿಲ್ಲ. ಗೋಡೆಯ ಎಂಆರ್‌ಐ ಹುಟ್ಟಿದ್ದು ಈ ಪ್ರಶ್ನೆಯಿಂದ.

ಯಂತ್ರ, ಕಾಯಿಲ್, ರೋಗಿ

ಹೈಡ್ರೋಜನ್ ಪ್ರೋಟಾನಿನ ಲಾರ್ಮರ್ ಆವರ್ತನ ಪ್ರತಿ ಟೆಸ್ಲಾಗೆ 42.58 ಮೆಗಾಹರ್ಟ್ಸ್. 1.5 ಟೆಸ್ಲಾದಲ್ಲಿ ಸುಮಾರು 63.9, 3 ಟೆಸ್ಲಾದಲ್ಲಿ ಸುಮಾರು 127.7. ಗೋಡೆಯ ಚಿತ್ರಕ್ಕೆ 3 ಟೆಸ್ಲಾ ಮೇಲು, ಸಿಗ್ನಲ್ ಹೆಚ್ಚು. ಕೊರಳಿನ ಎರಡೂ ಬದಿಗೆ ಒತ್ತಿ ಕೂರುವ ಕ್ಯಾರೋಟಿಡ್ ಸರ್ಫೇಸ್ ಕಾಯಿಲ್ ಇದ್ದರೆ ಇನ್ನೂ ಒಳ್ಳೆಯದು.

ಅಳತೆಯ ಅಂದಾಜು ಇರಲಿ. ಸಹಜ ಗೋಡೆಯ ದಪ್ಪ 1 ಮಿ.ಮೀ. ಒಳಗೆ. ಚಿತ್ರದ ಪಿಕ್ಸೆಲ್ ಸುಮಾರು 0.6 ಮಿ.ಮೀ., 2ಡಿ ಸ್ಲೈಸ್ ದಪ್ಪ ಸಾಮಾನ್ಯವಾಗಿ 2 ಮಿ.ಮೀ. ಅಂದರೆ ಸಹಜ ಗೋಡೆಗೆ ಒಂದೆರಡು ಪಿಕ್ಸೆಲ್ ಸಿಗುತ್ತವೆ ಅಷ್ಟೆ, 3 ಮಿ.ಮೀ. ಪ್ಲಾಕ್‌ಗೆ ಐದು ಸಿಗುತ್ತವೆ. ಆರಂಭದಲ್ಲಿ ಗೋಡೆ ತುಸು ದಪ್ಪಗಾದದ್ದನ್ನು ಅಳೆಯಲು ಅಲ್ಟ್ರಾಸೌಂಡ್ ಸಾಕು. ಬೆಳೆದ ಪ್ಲಾಕ್‌ನ ಒಳಗನ್ನು ಓದಲು ಎಂಆರ್‌ಐ.

ಟೆಕ್ನಾಲಜಿಸ್ಟ್ ಆಗುವವರಿಗೆ ಒಂದು ಮಾತು, ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿಯುವ ವಿಷಯ: ಅಲುಗಾಟ. ಎದೆ ಸ್ಕ್ಯಾನ್‌ನಲ್ಲಿ ಉಸಿರು ಕಾಡುವ ಹಾಗೆ ಇಲ್ಲಿ ಎಂಜಲು ನುಂಗುವುದು ಕಾಡುತ್ತದೆ. ಒಂದೊಂದು ಸೀಕ್ವೆನ್ಸ್ ನಾಲ್ಕೈದು ನಿಮಿಷ ಹಿಡಿಯುತ್ತದೆ, ಒಟ್ಟು ಪರೀಕ್ಷೆ ಅರ್ಧ ಗಂಟೆ ದಾಟುತ್ತದೆ. ಪ್ರತಿ ಸಲ ನುಂಗಿದಾಗಲೂ ಗಂಟಲಿನೊಂದಿಗೆ ನಾಳ ಮೇಲೆ ಕೆಳಗೆ ಜಗ್ಗಿ, 1 ಮಿ.ಮೀ. ಗೋಡೆ ಚಿತ್ರದಲ್ಲಿ ಮಸುಕಾಗುತ್ತದೆ. “ಅಮ್ಮಾ, ಟಕಟಕ ಸದ್ದು ಕೇಳುವಾಗ ಎಂಜಲು ನುಂಗಬೇಡಿ, ಸದ್ದು ನಿಂತ ಮೇಲೆ ನುಂಗಿ, ಕೆಮ್ಮು ಬಂದರೆ ಈ ಬಲ್ಬ್ ಒತ್ತಿ” ಎಂದು ಒಳಗೆ ಕಳಿಸುವ ಮುಂಚೆ ಹೇಳಬೇಕು. ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದರೆ ಇನ್ನೂ ಚೆನ್ನ; ನಮ್ಮ ಕಡೆಯ ಹಿರಿಯರು ಕನ್ನಡದಲ್ಲಿ ಹೇಳಿದ್ದಕ್ಕೆ ಹೂಂ ಅಂದರೂ ಮನೆಮಾತಿನಲ್ಲಿ ಹೇಳಿದ್ದನ್ನೇ ನೆನಪಿಡುತ್ತಾರೆ. ಇನ್ನೊಂದು, ಕರಿಮಣಿ. ಅದನ್ನು ತೆಗೆಯಲು ಅನೇಕ ಹೆಂಗಸರು ಒಪ್ಪುವುದಿಲ್ಲ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ; ಆದರೆ ಕೊಂಡಿಯಲ್ಲಿ ಬೇರೆ ಲೋಹ ಇರಬಹುದು, ಮತ್ತು ಯಾವ ಲೋಹವಾದರೂ ಚಿತ್ರ ಕೆಡಿಸುವುದು ನಾವು ನೋಡಬೇಕಾದ ಕೊರಳಲ್ಲೇ. ಗೌರವದಿಂದ ಕಾರಣ ಹೇಳಿ, ಬಿಚ್ಚಿದ ಸರವನ್ನು ಮನೆಯವರ ಕೈಗೇ ಕೊಡಿಸಿ.

ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ಹಳೆಯ ಆನ್ಯುರಿಸಂ ಕ್ಲಿಪ್: ಮೂರನ್ನೂ ಕೇಳಿ ಬರೆದುಕೊಳ್ಳಬೇಕು. ಕಾಂಟ್ರಾಸ್ಟ್ ಆಗಿ ಕೊಡುವ ಗ್ಯಾಡೋಲಿನಿಯಂ ಪ್ರಮಾಣ ಸಾಮಾನ್ಯವಾಗಿ ಕಿಲೋಗೆ 0.1 ಮಿಲಿಮೋಲ್. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್‌ನ ಭಯ ನೆನಪಿಡಿ.

ರಕ್ತವನ್ನು ಕಪ್ಪಾಗಿಸುವುದು

ಗೋಡೆ ಕಾಣಬೇಕಾದರೆ ಅದರ ಪಕ್ಕದ ರಕ್ತ ಕಪ್ಪಾಗಬೇಕು, ಸುತ್ತಲಿನ ಕೊಬ್ಬೂ ಕಪ್ಪಾಗಬೇಕು. ಹಾಗಾಗಿ ‘ಬ್ಲ್ಯಾಕ್ ಬ್ಲಡ್’ ತಂತ್ರ, ಜೊತೆಗೆ ಫ್ಯಾಟ್ ಸಪ್ರೆಶನ್.

ಡಬಲ್ ಇನ್ವರ್ಶನ್ ರಿಕವರಿಯನ್ನು ಹಂತಹಂತವಾಗಿ ಬರೆಯಲು ಕೇಳುತ್ತಾರೆ. ಮೊದಲ 180 ಡಿಗ್ರಿ ಪಲ್ಸ್ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ, ರಕ್ತವನ್ನೂ ಗೋಡೆಯನ್ನೂ. ತಕ್ಷಣ ಬರುವ ಎರಡನೇ 180 ಡಿಗ್ರಿ ಪಲ್ಸ್ ಆ ಒಂದು ಸ್ಲೈಸ್‌ಗೆ ಮಾತ್ರ. ಅಲ್ಲಿನ ಗೋಡೆ ಮೊದಲಿನಂತೆ ನೆಟ್ಟಗಾಗುತ್ತದೆ. ಬಳಿಕ ಕಾಯುತ್ತೇವೆ. ಅಷ್ಟರಲ್ಲಿ ಸ್ಲೈಸ್‌ನ ರಕ್ತ ಹೊರಟುಹೋಗಿ, ಹೊರಗೆ ತಲೆಕೆಳಗಾಗಿದ್ದ ರಕ್ತ ಒಳಬಂದಿರುತ್ತದೆ. ಅದರ ಮ್ಯಾಗ್ನೆಟೈಸೇಶನ್ ಸೊನ್ನೆ ದಾಟುವ ಗಳಿಗೆಯಲ್ಲಿ ಚಿತ್ರ ತೆಗೆದರೆ ರಕ್ತ ಕಪ್ಪು, ಗೋಡೆ ಬೆಳ್ಳಗೆ. ಟಿಆರ್ ಬಹಳ ಉದ್ದವಿದ್ದಾಗ ಕಾಯುವ ಸಮಯ ಟಿ1ರ 0.693 ಪಟ್ಟು. 1.5 ಟೆಸ್ಲಾದಲ್ಲಿ ರಕ್ತದ ಟಿ1 ಸುಮಾರು 1200 ಮಿಲಿಸೆಕೆಂಡ್ ಎಂದು ಹಿಡಿದರೆ ಸುಮಾರು 830. ಟಿಆರ್ ಗಿಡ್ಡವಾದಷ್ಟೂ ಈ ಸಮಯವೂ ಇಳಿಯುತ್ತದೆ.

ಇದರ ದೌರ್ಬಲ್ಯವನ್ನೂ ಬರೆಯಿರಿ, ಅಂಕ ಅಲ್ಲಿದೆ. ಬಲ್ಬ್‌ನ ಹೊರಗೋಡೆಯ ಬಳಿ ಸುಳಿಯುವ ರಕ್ತ ಸ್ಲೈಸ್ ಬಿಟ್ಟು ಹೋಗುವುದೇ ಇಲ್ಲ. ಅದು ಬೆಳ್ಳಗೆ ಉಳಿದು ಪ್ಲಾಕ್‌ನಂತೆ ಕಾಣುತ್ತದೆ, ಅದೂ ನಿಜವಾದ ಪ್ಲಾಕ್ ಬರುವ ಜಾಗದಲ್ಲೇ. ಈ ಮೋಸವನ್ನು ತಪ್ಪಿಸಲು ಎಂಎಸ್‌ಡಿಇ, ಡ್ಯಾಂಟೆ ಎಂಬ ತಂತ್ರಗಳಿವೆ; ಇವು ನಿಧಾನದ ಹರಿವನ್ನೂ ಕಪ್ಪು ಮಾಡುತ್ತವೆ. ಗ್ಯಾಡೋಲಿನಿಯಂ ಕೊಟ್ಟ ಮೇಲೆ ರಕ್ತದ ಟಿ1 ಬದಲಾಗುತ್ತಲೇ ಇರುವುದರಿಂದ ಡಬಲ್ ಬದಲು ಕ್ವಾಡ್ರುಪಲ್ ಇನ್ವರ್ಶನ್ ರಿಕವರಿ ಬೇಕು (ಯಾರ್ನಿಖ್ ಮತ್ತು ಯುವಾನ್, 2002).

ಬೆಂಗಳೂರು, 1951

ಈ ಅಂಶ ಹೆಚ್ಚಿನ ಗೈಡ್‌ಗಳಲ್ಲಿ ಇರುವುದಿಲ್ಲ, ಇರಬೇಕಿತ್ತು. ಗೋಡೆಯ ಪರೀಕ್ಷೆಯಲ್ಲಿ ರಕ್ತವನ್ನು ಬೆಳ್ಳಗೆ ತೋರಿಸುವ ಸೀಕ್ವೆನ್ಸ್ ಒಂದಿದೆ, ಟೈಮ್ ಆಫ್ ಫ್ಲೈಟ್. ಒಂದೇ ಜಾಗಕ್ಕೆ ಮತ್ತೆ ಮತ್ತೆ ಪಲ್ಸ್ ಕೊಟ್ಟರೆ ಅಲ್ಲೇ ನಿಂತ ಅಂಗಾಂಶ ದಣಿದು ಸಿಗ್ನಲ್ ಕಳೆದುಕೊಳ್ಳುತ್ತದೆ; ಹೊಸದಾಗಿ ಹರಿದು ಬಂದ ರಕ್ತಕ್ಕೆ ಆ ದಣಿವಿಲ್ಲ, ಅದು ಹೊಳೆಯುತ್ತದೆ. ಹರಿವಿನಿಂದ ಅಣುಕಾಂತೀಯ ಅನುರಣನದ ಸಿಗ್ನಲ್ ಬದಲಾಗುತ್ತದೆ ಎಂದು ಮೊದಲು ವರದಿ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್. ಅಯಸ್ಕಾಂತದ ನಡುವೆ ಇಟ್ಟ ಕೊಳವೆಯಲ್ಲಿ ನೀರು ಹರಿಸಿ ಅವರು ಕಂಡದ್ದು ಇದೇ: ನಿಂತ ನೀರಿಗಿಂತ ಹರಿಯುವ ನೀರಿನ ಸಿಗ್ನಲ್ ಹೆಚ್ಚು. ಬರಹ ಪ್ರಕಟವಾದದ್ದು 1951ರಲ್ಲಿ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ. ಬ್ಲಾಖ್ ಮತ್ತು ಪರ್ಸೆಲ್ ಅನುರಣನವನ್ನು ತೋರಿಸಿ (1946) ಆಗ ಐದೇ ವರ್ಷ. ಅವರಿಗೆ ನೊಬೆಲ್ ಬಂದದ್ದು 1952ರಲ್ಲಿ. ಲೌಟರ್ಬರ್ ಅದರಿಂದ ಮೊದಲ ಚಿತ್ರ ಕಟ್ಟಿದ್ದು 1973ರಲ್ಲಿ, ಅವರಿಗೂ ಮ್ಯಾನ್ಸ್‌ಫೀಲ್ಡ್‌ಗೂ ನೊಬೆಲ್ 2003ರಲ್ಲಿ. ಎಂಆರ್ ಆಂಜಿಯೋಗ್ರಫಿಯ ಇತಿಹಾಸ ಬರೆಯಲು ಕೇಳಿದರೆ ಸೂರ್ಯನ್ ಅವರ ಹೆಸರಿನಿಂದ ಶುರು ಮಾಡಿ.

ಬೆಂಗಳೂರಿನ ಇನ್ನೊಂದು ಹೆಸರು ವೋಕ್ಸೆಲ್‌ಗ್ರಿಡ್ಸ್. ಈ ಕಂಪನಿಯ 1.5 ಟೆಸ್ಲಾ ಸ್ಕ್ಯಾನರ್ 2023ರಲ್ಲಿ ದೇಶೀಯವಾಗಿ ತಯಾರಾದ ಮೊದಲ ಎಂಆರ್‌ಐ ಯಂತ್ರವಾಗಿ ಬಿಡುಗಡೆಯಾಯಿತು.

ಯಾವ ಸೀಕ್ವೆನ್ಸ್‌ನಲ್ಲಿ ಏನು ಹೇಗೆ ಕಾಣುತ್ತದೆ

ಹೋಲಿಕೆಗೆ ಪಕ್ಕದ ಸ್ಟರ್ನೋಕ್ಲೀಡೋಮಾಸ್ಟಾಯ್ಡ್ ಸ್ನಾಯುವನ್ನು ಹಿಡಿಯುತ್ತಾರೆ. ಅದಕ್ಕಿಂತ ಬೆಳ್ಳಗೋ ಕಪ್ಪೋ ಎಂಬುದೇ ಪ್ರಶ್ನೆ.

ಸುಣ್ಣ: ಎಲ್ಲ ಸೀಕ್ವೆನ್ಸ್‌ಗಳಲ್ಲೂ ಕಪ್ಪು. ರಕ್ತದ ದಾರಿಗೆ ಅಂಟಿಕೊಂಡ ಸುಣ್ಣ ಬ್ಲ್ಯಾಕ್ ಬ್ಲಡ್ ಚಿತ್ರದಲ್ಲಿ ರಕ್ತದೊಂದಿಗೆ ಬೆರೆತುಹೋಗುತ್ತದೆ. ಟೈಮ್ ಆಫ್ ಫ್ಲೈಟ್‌ನಲ್ಲಿ ರಕ್ತ ಬೆಳ್ಳಗಾದಾಗ ಬೇರೆಯಾಗಿ ಕಾಣುತ್ತದೆ.

ಕೊಬ್ಬಿನ ಸತ್ತ ತಿರುಳು, ರಕ್ತ ಒಸರದಿದ್ದರೆ: ಟಿ1ರಲ್ಲಿ ಸ್ನಾಯುವಿನಷ್ಟೇ ಅಥವಾ ತುಸು ಬೆಳ್ಳಗೆ, ಟಿ2ರಲ್ಲಿ ಸಾಮಾನ್ಯವಾಗಿ ಕಪ್ಪು ಕಡೆಗೆ, ಗ್ಯಾಡೋಲಿನಿಯಂ ಹೀರುವುದಿಲ್ಲ. ನಾರಿನ ಅಂಗಾಂಶ ಹೀರುತ್ತದೆ. ತಿರುಳಿನ ಗಡಿ ಗುರುತಿಸಲು ಕಾಂಟ್ರಾಸ್ಟ್ ಬೇಕಾಗುವುದು ಇದಕ್ಕೇ.

ನಾರಿನ ಹೊದಿಕೆ: ದಪ್ಪಗಿದ್ದರೆ ಟೈಮ್ ಆಫ್ ಫ್ಲೈಟ್‌ನಲ್ಲಿ ಬೆಳ್ಳನೆಯ ರಕ್ತಕ್ಕೂ ಪ್ಲಾಕ್‌ಗೂ ನಡುವೆ ಕಪ್ಪು ಪಟ್ಟಿ. ತೆಳುವಾಗಿದ್ದರೆ ಪಟ್ಟಿ ಕಾಣದು. ಒಡೆದಿದ್ದರೆ ಪಟ್ಟಿ ಇಲ್ಲ, ಒಳಅಂಚು ಹರಕು (ಹತ್ಸುಕಾಮಿ ಮತ್ತು ಸಂಗಡಿಗರು, 2000).

ಪ್ಲಾಕ್ ಒಳಗಿನ ರಕ್ತಸ್ರಾವ: ಹೆಚ್ಚು ಓದಬೇಕಾದದ್ದು ಇದು. ಟಿ1ರಲ್ಲಿ ಎದ್ದು ಕಾಣುವ ಬಿಳಿ. ಕಾರಣ ಮೆಥಿಮೋಗ್ಲೋಬಿನ್, ಅದರ ಕಬ್ಬಿಣದಲ್ಲಿ ಐದು ಒಂಟಿ ಎಲೆಕ್ಟ್ರಾನ್‌ಗಳಿದ್ದು ಟಿ1ನ್ನು ಗಿಡ್ಡ ಮಾಡುತ್ತವೆ. ಎಂಪಿರೇಜ್ ಅಥವಾ ಸ್ನ್ಯಾಪ್ ಎಂಬ ಸೀಕ್ವೆನ್ಸ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಪಕ್ಕದ ಸ್ನಾಯುವಿನ ಸಿಗ್ನಲ್‌ನ ಶೇ 150 ದಾಟಿದರೆ ರಕ್ತಸ್ರಾವ ಎಂದು ಹಿಡಿಯುವುದು ಬಳಕೆಯಲ್ಲಿರುವ ಮಾನದಂಡ. ಟಿ1, ಟೈಮ್ ಆಫ್ ಫ್ಲೈಟ್ ಎರಡರಲ್ಲೂ ಬಿಳಿ, ಟಿ2ರಲ್ಲಿ ಕಪ್ಪು ಎಂದರೆ ತಾಜಾ ರಕ್ತ; ಟಿ2ರಲ್ಲೂ ಬಿಳಿ ಎಂದರೆ ತುಸು ಹಳೆಯದು. ಇಲ್ಲೊಂದು ಎಚ್ಚರ: ಟೈಮ್ ಆಫ್ ಫ್ಲೈಟ್‌ನಲ್ಲಿ ಹರಿಯುವ ರಕ್ತವೂ ಬಿಳಿ, ಗೋಡೆಯೊಳಗೆ ನಿಂತ ಈ ರಕ್ತವೂ ಬಿಳಿ. ಆ ಚಿತ್ರ ಒಂದನ್ನೇ ನೋಡಿದವರು ಕಿರಿದಾದ ನಾಳವನ್ನು ಅಗಲ ಎಂದು ಓದುವ ಅಪಾಯವಿದೆ.

ಆ ರಕ್ತ ಬರುವುದು ಎಲ್ಲಿಂದ? ಮೇಲೆ ನೆನಪಿಡಿ ಎಂದಿದ್ದ ವಾಸಾ ವಾಸೋರಮ್‌ನಿಂದ. ದಪ್ಪಗಾದ ಗೋಡೆಗೆ ಪ್ರಾಣವಾಯು ಸಾಲದೆ ಹೊಸ ಎಳೆನಾಳಗಳು ಪ್ಲಾಕ್ ಒಳಗೆ ಚಿಗುರುತ್ತವೆ; ಅವು ಸೋರುವ ನಾಳಗಳು. ಸೋರಿದ ಕೆಂಪು ಕಣಗಳ ಪೊರೆಯಲ್ಲೇ ಬೇಕಾದಷ್ಟು ಕೊಲೆಸ್ಟರಾಲ್ ಇದೆ, ಅದು ತಿರುಳಿಗೆ ಸೇರಿ ತಿರುಳು ಬೆಳೆಯುತ್ತದೆ. ಗೋಡೆ ಒಳಗಿನಿಂದಲೇ ಕೆಡುವ ಈ ಚಕ್ರವನ್ನು ರಕ್ತದ ದಾರಿ ಮಾತ್ರ ತೋರಿಸುವ ಪರೀಕ್ಷೆಗಳು ಕಾಣಲಾರವು.

ಅಪಾಯದ ಅಂಕಿ, ವರ್ಗೀಕರಣ

2013ರಲ್ಲಿ ಗುಪ್ತಾ ಮತ್ತು ಸಂಗಡಿಗರು ‘ಸ್ಟ್ರೋಕ್’ ಪತ್ರಿಕೆಯಲ್ಲಿ ಎಂಆರ್‌ಐ ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಹಜಾರ್ಡ್ ರೇಶಿಯೋ: ಪ್ಲಾಕ್ ಒಳಗಿನ ರಕ್ತಸ್ರಾವಕ್ಕೆ 4.59, ಕೊಬ್ಬಿನ ತಿರುಳಿಗೆ 3.00, ತೆಳುವಾದ ಅಥವಾ ಒಡೆದ ಹೊದಿಕೆಗೆ 5.93. ಈ ಮೂರು ಸಂಖ್ಯೆ ಬಾಯಲ್ಲಿರಲಿ.

ಅಮೆರಿಕದ ನ್ಯೂರೋರೇಡಿಯಾಲಜಿ ಸೊಸೈಟಿಯ ಗೋಡೆ ಚಿತ್ರಣ ತಂಡದ ಮಾರ್ಗಸೂಚಿ 2018ರದು. 2024ರಲ್ಲಿ ಬಂದದ್ದು ಕ್ಯಾರೋಟಿಡ್ ಪ್ಲಾಕ್-ರ್‍ಯಾಡ್ಸ್. ವರ್ಗ 1 ಸಹಜ ಗೋಡೆ. ವರ್ಗ 2, ಗೋಡೆಯ ಗರಿಷ್ಠ ದಪ್ಪ 3 ಮಿ.ಮೀ.ಗಿಂತ ಕಡಿಮೆ. ವರ್ಗ 3, ದಪ್ಪ 3 ಮಿ.ಮೀ. ಅಥವಾ ಹೆಚ್ಚು, ಇಲ್ಲವೇ ಮಾಗಿದ ಹುಣ್ಣು. ವರ್ಗ 4 ಕೆಟ್ಟ ಪ್ಲಾಕ್: 4ಎ ಒಳರಕ್ತಸ್ರಾವ, 4ಬಿ ಒಡೆದ ಹೊದಿಕೆ, 4ಸಿ ರಕ್ತದ ದಾರಿಯಲ್ಲಿ ಹೆಪ್ಪು. ನಾಳ ಎಷ್ಟು ಕಿರಿದಾಗಿದೆ ಎಂಬುದು ಈ ವರ್ಗಗಳನ್ನು ನಿರ್ಧರಿಸುವುದಿಲ್ಲ ಎಂಬುದನ್ನು ಗಮನಿಸಿ.

ತೋಡಾರಿನಿಂದ ಆಸ್ಪತ್ರೆಗೆ: ಯಾವ ಪರೀಕ್ಷೆ ಯಾವಾಗ

ಕಮ್ಯುನಿಟಿ ಮೆಡಿಸಿನ್ ಪತ್ರಿಕೆಗೂ ಇದು ಬೇಕು. ರಾಷ್ಟ್ರೀಯ ಹೆದ್ದಾರಿ 169ರ ಬದಿಯ ತೋಡಾರಿನಲ್ಲಿ ಒಬ್ಬರಿಗೆ ಬೆಳಗ್ಗೆ ಬಾಯಿ ವಾರೆಯಾಗಿ ಕೈ ಸೋತರೆ ಗೋಡೆಯ ಎಂಆರ್‌ಐ ಮಾಡಿಸುತ್ತಾ ಕೂರುವಂತಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಮೂಡುಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿ.ಮೀ. ದಾರಿ ಆ ಗಡಿಯಾರದೊಳಗೇ ಸೇರಿದೆ. ಮೊದಲು ಮೆದುಳಿನ ಸಿಟಿ ಅಥವಾ ಎಂಆರ್‌ಐ, ನಾಳಗಳ ಆಂಜಿಯೋಗ್ರಾಮ್. ‘ಸ್ವಲ್ಪ ಹೊತ್ತು ಮಲಗಿದರೆ ಸರಿಯಾಗುತ್ತದೆ’ ಎಂದು ಕಾಯುವುದರಿಂದ ಆಗುವ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡದು.

ಹತ್ತು ನಿಮಿಷ ಕೈ ಸೋತು ತಾನೇ ಸರಿಹೋದರೆ ಅದು ಟಿಐಎ. ಮುಂದಿನ ಕೆಲವೇ ದಿನಗಳಲ್ಲಿ ದೊಡ್ಡ ಹೊಡೆತ ಬರುವ ಸಂಭವ ಹೆಚ್ಚು. ಕೊರಳ ಡಾಪ್ಲರ್ ಆಗಲೇಬೇಕು. ಡಾಪ್ಲರ್ ಅಗ್ಗ, ಬೇಗ ಆಗುತ್ತದೆ, ಆದರೆ ಮಾಡುವವರ ಕೈಯನ್ನು ಅವಲಂಬಿಸಿದೆ. ಸುಣ್ಣದ ನೆರಳಿನ ಹಿಂದೆ ಏನಿದೆ ಎಂದು ಹೇಳದು. ಸಿಟಿ ಸುಣ್ಣವನ್ನೂ ಹುಣ್ಣನ್ನೂ ಚೆನ್ನಾಗಿ ತೋರಿಸುತ್ತದೆ, ಒಳರಕ್ತಸ್ರಾವದಲ್ಲಿ ಸೋಲುತ್ತದೆ. ಗೋಡೆಯ ಎಂಆರ್‌ಐಗೆ ನಿಜವಾದ ಜಾಗ ಎರಡು: ಕಿರಿದಾದದ್ದು ಶೇ 50ಕ್ಕಿಂತ ಕಡಿಮೆ, ಆದರೂ ಅದೇ ಬದಿಗೆ ಮತ್ತೆ ಮತ್ತೆ ಟಿಐಎ ಆಗುತ್ತಿದೆ, ಬೇರೆ ಕಾರಣ ಸಿಗುತ್ತಿಲ್ಲ, ಇಲ್ಲವೇ ಲಕ್ಷಣವಿಲ್ಲದ, ಸಾಕಷ್ಟು ಕಿರಿದಾದ ನಾಳಕ್ಕೆ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ತೂಗುಯ್ಯಾಲೆ. ಲಕ್ಷಣ ಕಂಡವರಿಗೆ ಎಂಡಾರ್ಟರೆಕ್ಟಮಿ ಮಾಡುವುದಾದರೆ ಎರಡು ವಾರದೊಳಗೆ.

ಪ್ಲಾಕ್ ಬೆಳೆಯುವ ಕಾರಣಗಳ ಪಟ್ಟಿ ಹಳೆಯದೇ: ಬಿಪಿ, ಶುಗರ್, ಎಲ್‌ಡಿಎಲ್, ತಂಬಾಕು. ಬೀಡಿ ಕಟ್ಟಿ ಸಂಸಾರ ನಡೆಸಿದ ಮನೆಗಳು ಬಂಟ್ವಾಳ, ಬೆಳ್ತಂಗಡಿಯಲ್ಲಿ ಎಷ್ಟೋ ಇವೆ. ಹಿಸ್ಟರಿ ತೆಗೆಯುವಾಗ ‘ಸಿಗರೇಟ್ ಸೇದುತ್ತೀರಾ’ ಎಂದು ಮಾತ್ರ ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಬೀಡಿ ಎಂದು ಹೆಸರು ಹಿಡಿದು ಕೇಳಿ.

ಗೊಂದಲವಾಗುವ ಕಡೆ

ಗೋಡೆಯಲ್ಲಿ ಟಿ1 ಬಿಳಿ ಕಂಡದ್ದೆಲ್ಲ ಪ್ಲಾಕ್ ರಕ್ತಸ್ರಾವವಲ್ಲ. ಬಲ್ಬ್‌ನಿಂದ ಮೇಲೆ, ಒಳಕ್ಯಾರೋಟಿಡ್ ಉದ್ದಕ್ಕೂ ಅರ್ಧಚಂದ್ರದಂತೆ ಬಿಳಿ ಇದ್ದು, ರೋಗಿ ಚಿಕ್ಕ ವಯಸ್ಸಿನವರಾಗಿ ಕೊರಳುನೋವು ಇದ್ದರೆ ಗೋಡೆ ಸೀಳಿದ ಡಿಸೆಕ್ಷನ್ ಬರೆಯಿರಿ. ಪ್ಲಾಕ್ ಕವಲಿನಲ್ಲಿ, ಒಂದು ಬದಿಗೆ ದಪ್ಪ.

ಕಾಮನ್ ಕ್ಯಾರೋಟಿಡ್‌ನಲ್ಲಿ ಉದ್ದಕ್ಕೆ, ಸುತ್ತಲೂ ಸಮನಾಗಿ ಗೋಡೆ ದಪ್ಪಗಾಗಿ ಗ್ಯಾಡೋಲಿನಿಯಂ ಹೀರಿದರೆ, ರೋಗಿ ಎಳೆಯ ಹೆಣ್ಣುಮಗಳಾಗಿದ್ದರೆ ಟಕಾಯಾಸು. ಎರಡೂ ಕೈಗಳ ಬಿಪಿ ನೋಡಿ ಹೋಲಿಸಲು ಮರೆಯಬೇಡಿ. ವೈವಾದಲ್ಲಿ ಪರೀಕ್ಷಕರು ಚಿತ್ರ ತೋರಿಸುವ ಮೊದಲು ಅದನ್ನೇ ಕೇಳುವುದುಂಟು.